ಕಂಸದೊಳಗೆ ಸಿಕ್ಕಾಕ್ಕೊಂಡ ಕುಲಪತಿ

ಮೇ ಕೊನೆ ವಾರ ಬಂತು ಅಂದ್ರೆ ನಮ್ಮ ಆಫೀಸಿಗೆ ಕಪ್‌ಕೇಕ್ ಬರುತ್ತೆ. ನಾನು ಕೆಲಸ ಮಾಡೋದು ಆಸ್ಟ್ರೇಲಿಯಾದ ಒಂದು ಯೂನಿವರ್ಸಿಟಿಲಿ, ಯಾವುದು ಅಂತ ಕೇಳಬೇಡಿ, ಇಎಂಐ ಇನ್ನೂ ಬಾಕಿ ಇದೆ. ಮೇ 27ರಿಂದ ಜೂನ್ 3ರ ತನಕ ಇಲ್ಲಿ ರೀಕನ್ಸಿಲಿಯೇಷನ್ ವೀಕ್, ಅಂದ್ರೆ ಈ ನೆಲದ ಮೂಲ ಜನರ ಜೊತೆ ರಾಜಿ ಆಗೋ ವಾರ. ಒಂದು ವಾರ ಸಾಕು, ಆಮೇಲೆ ಸೆಮಿಸ್ಟರ್ ಎಕ್ಸಾಮ್ ಇರುತ್ತೆ. ಕಪ್‌ಕೇಕ್ ಮೇಲೆ ಆ ಮೂಲ ಜನರ ಅಬೊರಿಜಿನಲ್ ಬಾವುಟ, ಮೇಲರ್ಧ ಕಪ್ಪು ಕೆಳಗರ್ಧ ಕೆಂಪು, ಮಧ್ಯ ಹಳದಿ ಸೂರ್ಯನ ಜಾಗದಲ್ಲಿ ಜೆಮ್ಸ್ ಥರದ ಒಂದು ಮಿಠಾಯಿ. ಮೊದಲನೇ ವರ್ಷ ಆ ಅರಿಶಿನ-ಕುಂಕುಮ ನೋಡಿ ಇವರಿಗೆ ನವೆಂಬರ್ ಒಂದು ಇಷ್ಟು ಬೇಗ ಬಂತಾ ಅಂದ್ಕೊಂಡು ಎರಡು ತಿಂದೆ.

ಕಪ್‌ಕೇಕ್ ಬಿಡಿ. ಅದರ ಐಸಿಂಗ್‌ನಲ್ಲಿ ಕೆಂಪು ಸರಿಯಾದ ಕೆಂಪೇನಾ, ಬಾವುಟಾನ ಹಲ್ಲಲ್ಲಿ ಕಚ್ಚಿದ್ರೆ ಯಾರಿಗಾದ್ರೂ ಬೇಜಾರಾಗುತ್ತಾ ಅಂತ ಅಪ್ರೂವಲ್ ಕೇಳಿ ಮೇಲ್ ಹೋಗೋದು ಯಾರಿಗೆ ಗೊತ್ತಾ? ಪ್ರೊ ವೈಸ್ ಚಾನ್ಸಲರ್‌ಗೆ, ಅಂದ್ರೆ ವೈಸ್ ಚಾನ್ಸಲರ್ ಕೈಕೆಳಗಿನ ದೊಡ್ಡ ಅಧಿಕಾರಿಗೆ. ಡಾಕ್ಟರೇಟ್ ಮಾಡಿ, ಪ್ರೊಫೆಸರ್ ಆಗಿ, ಇಪ್ಪತ್ತೈದು ವರ್ಷ ಪಾಠ ಮಾಡಿ, ರಿಸರ್ಚ್ ಮಾಡಿ, ಯೂನಿವರ್ಸಿಟಿಯ ಟಾಪ್ ಟೀಮಿಗೆ ಬಂದು ಕೂತ ಹೆಂಗಸು, ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಐಸಿಂಗ್ ಬಣ್ಣ ಪಾಸ್ ಮಾಡ್ತಾ ಕೂತಿದ್ದಾರೆ. ಫೈನಾನ್ಸ್ ನೋಡ್ಕೊಳೋ ಸಾಹೇಬರಿಗೆ ಯಾವತ್ತಾದ್ರೂ ಯಾರಾದ್ರೂ ಸಮೋಸದ ಉಪ್ಪು ಕೇಳಿದ್ದಾರಾ?

ಅವರ ಪೂರ್ತಿ ಪದವಿ ಬಾಯಲ್ಲಿ ಹೇಳೋದಾದ್ರೆ ಹೀಗೆ: ಪ್ರೊ ವೈಸ್ ಚಾನ್ಸಲರ್, ಬ್ರಾಕೆಟ್ ಓಪನ್, ಇಂಡಿಜಿನಸ್, ಬ್ರಾಕೆಟ್ ಕ್ಲೋಸ್. ಇಂಡಿಜಿನಸ್ ಅಂದ್ರೆ ಮೂಲನಿವಾಸಿ. ಆ ಬ್ರಾಕೆಟ್ ಮೇಲೆ ಸ್ವಲ್ಪ ಗಮನ ಕೊಡಿ, ನಾನಂತೂ ಅದನ್ನೇ ನೋಡ್ತಾ ಕೂರ್ತೀನಿ. ಬ್ರಾಕೆಟ್‌ಗೆ ನಮ್ಮಲ್ಲಿ ಕಂಸ ಅಂತಾರೆ, ಹೆಸರು ಇಟ್ಟೋನು ಯಾರೋ ದೊಡ್ಡ ಜ್ಞಾನಿನೇ ಇರಬೇಕು, ಯಾಕಂದ್ರೆ ಕಂಸ ಮಾಡಿದ್ದೂ ಅದೇ ಕೆಲಸ ಅಲ್ವಾ, ತಂಗೀನ ಮೆರವಣಿಗೆಲಿ ರಥದಲ್ಲಿ ಕೂರಿಸ್ಕೊಂಡು ತಾನೇ ಸಾರಥಿ ಆಗಿ ಹೋದ, ಒಂದು ಮಾತು ಕಿವಿಗೆ ಬಿದ್ದಿದ್ದೇ ತಡ ತಗೊಂಡು ಹೋಗಿ ಒಳಗೆ ಹಾಕಿದ.

ರಿಸರ್ಚ್ ನೋಡ್ಕೊಳೋರಿಗೂ ಬ್ರಾಕೆಟ್ ಇದೆ, ಅಲ್ಲ ಅನ್ನಲ್ಲ. ಆದ್ರೆ ಅವರ ಬ್ರಾಕೆಟ್ ಒಳಗೆ ಕೋಟಿಗಟ್ಟಲೆ ಗ್ರಾಂಟ್ ಇದೆ, ಲ್ಯಾಬ್ ಇದೆ, ಯಾರನ್ನ ತಗೋಬೇಕು ಬಿಡಬೇಕು ಅನ್ನೋ ಪವರ್ ಇದೆ. ಮೇಡಂ ಬ್ರಾಕೆಟ್ ಒಳಗೆ ಇರೋದು ಮೂರೂವರೆ ಜನ (ಅರ್ಧ ಅಂದ್ರೆ ಪಾರ್ಟ್ ಟೈಮ್), ಒಂದು ಪ್ರಿಂಟರ್, ಮತ್ತೆ ಇಂಗ್ಲಿಷರು ಇಲ್ಲಿ ಬಂದು ನೆಲೆಸಿದ 1788ರಿಂದ ಈಚೆಗೆ ನಡೆದಿರೋದೆಲ್ಲದರ ಜವಾಬ್ದಾರಿ.

ಈ ಹುದ್ದೆಗಳೆಲ್ಲ ಬಹಳ ಹಳೇವೇನಲ್ಲ. ಸಿಡ್ನಿ ಯೂನಿವರ್ಸಿಟಿ ಶುರುವಾಗಿದ್ದು 1850ರಲ್ಲಿ, ಮೆಲ್ಬರ್ನ್‌ದು 1853ರಲ್ಲಿ. ಮೂಲನಿವಾಸಿ ಸಮುದಾಯದಿಂದ ಮಾರ್ಗರೆಟ್ ವಿಲಿಯಮ್ಸ್ ಅನ್ನೋ ಹೆಣ್ಣುಮಗಳು ಮೆಲ್ಬರ್ನ್‌ನಲ್ಲಿ ಫಿಸಿಕಲ್ ಎಜುಕೇಶನ್ ಡಿಪ್ಲೊಮಾ ಮುಗಿಸಿದ್ದು 1959ರಲ್ಲಿ. ಸಿಡ್ನಿಲಿ ಚಾರ್ಲ್ಸ್ ಪರ್ಕಿನ್ಸ್ ಡಿಗ್ರಿ ತಗೊಂಡಿದ್ದು 1966ರಲ್ಲಿ. ನೂರು ವರ್ಷಕ್ಕಿಂತ ಜಾಸ್ತಿ ಗೇಟ್ ಹಾಕ್ಕೊಂಡು ಕೂತು, ಅಷ್ಟೂ ದಿನ ಅವರ ಬಗ್ಗೆ ಪುಸ್ತಕ ಬರೆದು, ಅವರ ತಲೆಬುರುಡೆ ಅಳೆದು, ಆಮೇಲೆ ಒಂದಿನ ಧಡಕ್ಕನೆ ಎದ್ದು ಅರೆ ಇವರು ಯಾಕೆ ನಮ್ಮ ಹತ್ರ ಓದೋಕೆ ಬರ್ತಿಲ್ಲ, ಒಂದು ಸ್ಟ್ರಾಟಜಿ ಮಾಡಿ ಅಂದ್ರು. 2011ರಲ್ಲಿ ಸಿಡ್ನಿಯವರು ಶೇನ್ ಹೂಸ್ಟನ್ ಅವರನ್ನ ಡೆಪ್ಯುಟಿ ವೈಸ್ ಚಾನ್ಸಲರ್ ಮಾಡಿದ್ರು, 2012ರಲ್ಲಿ ಲಾರಿಸ್ಸಾ ಬೆಹ್ರೆಂಟ್ ಅವರ ನೇತೃತ್ವದ ಕಮಿಟಿ 35 ಶಿಫಾರಸಿನ ವರದಿ ಕೊಡ್ತು, 2017ರಲ್ಲಿ ಎಲ್ಲಾ ಯೂನಿವರ್ಸಿಟಿಗಳೂ ಸೇರಿ ಒಂದು ಸ್ಟ್ರಾಟಜಿ ಬಿಟ್ವು, ಅದು ಮುಗಿದ ಮೇಲೆ 2022ರಲ್ಲಿ ಇನ್ನೊಂದು ಸ್ಟ್ರಾಟಜಿ. ಸ್ಟ್ರಾಟಜಿ ಬೆಳೆಯೋ ಸ್ಪೀಡಲ್ಲಿ ಸ್ಟೂಡೆಂಟ್ಸ್ ಬೆಳೆದಿದ್ರೆ ಇಷ್ಟೊತ್ತಿಗೆ ಹಾಸ್ಟೆಲ್ ಸಾಲ್ತಿರಲಿಲ್ಲ. ಜನಸಂಖ್ಯೆಲಿ ಇವರು 3.8 ಪರ್ಸೆಂಟ್, ಇಲ್ಲಿನ ಡೊಮೆಸ್ಟಿಕ್ ಸ್ಟೂಡೆಂಟ್ಸಲ್ಲಿ 2 ಪರ್ಸೆಂಟ್ ಆಸುಪಾಸು.

ಇದರ ಮಧ್ಯೆ ಸರ್ಕಾರದ್ದೂ ಒಂದು ರೂಲ್ ಇದೆ. ಮೂಲನಿವಾಸಿ ವಿದ್ಯಾರ್ಥಿಗಳಿಗೆ ಅಂತ ಕೇಂದ್ರದಿಂದ ದುಡ್ಡು ಬೇಕು ಅಂದ್ರೆ ಯೂನಿವರ್ಸಿಟಿ ತನ್ನ ಸಿಬ್ಬಂದಿಯಲ್ಲಿ 3 ಪರ್ಸೆಂಟ್ ಮೂಲನಿವಾಸಿಗಳಿರೋ ಥರ, ಮೇಲಿನ ಮಟ್ಟದಲ್ಲಿ ಒಬ್ಬರಾದ್ರೂ ಇರೋ ಥರ ನೋಡ್ಕೋಬೇಕು, "ಸಾಧ್ಯವಾದಷ್ಟರ ಮಟ್ಟಿಗೆ". ನಮ್ಮೂರಲ್ಲಿ ಮದುವೆಗೆ ಕರೆದಾಗ "ನೋಡೋಣ, ಆದಷ್ಟು ಟ್ರೈ ಮಾಡ್ತೀವಿ" ಅಂತಾರಲ್ಲ, ಹಾಗೆ ಅಂದೋರು ಯಾವತ್ತಾದ್ರೂ ಮುಹೂರ್ತಕ್ಕೆ ಬಂದಿದ್ದು ನೋಡಿದ್ದೀರಾ. ಇನ್ನೂ ಮಜಾ ಏನಂದ್ರೆ ರೂಲಲ್ಲಿ ಇರೋದು "ಒಬ್ಬರಾದ್ರೂ", ಇವರಿಗೆ ಕೇಳಿಸಿದ್ದು "ಒಬ್ಬರು". ಒಬ್ಬರು ಸಿಕ್ಕಿದ ತಕ್ಷಣ ಹುಡುಕಾಟ ನಿಲ್ತು. ಊರಿಗೊಬ್ಬಳೇ ಪದ್ಮಾವತಿ.

ಆ ಪದ್ಮಾವತಿ ಕ್ಯಾಲೆಂಡರ್ ನಾನು ನೋಡಿದ್ದೀನಿ, ರೂಮ್ ಬುಕಿಂಗ್ ಮಾಡೋದು ನನ್ನ ಕೆಲಸ. ಬೆಳಿಗ್ಗೆ ನರ್ಸಿಂಗ್ ಡಿಪಾರ್ಟ್‌ಮೆಂಟಿನ ಸಿಲಬಸ್‌ಗೆ "ಇಂಡಿಜಿನಸ್ ಕಂಟೆಂಟ್" ಸೇರಿಸೋದು, ಆಮೇಲೆ ಇಂಜಿನಿಯರಿಂಗ್‌ನೋರಿಗೆ ಅದೇ, ಆಮೇಲೆ ಹೊಸ ಬಿಲ್ಡಿಂಗ್‌ಗೆ ಹೆಸರು ಸೂಚಿಸೋದು (ಬಿಲ್ಡಿಂಗ್ ಕಟ್ಟಬೇಕಾ ಬೇಡ್ವಾ ಅಂತ ಕೇಳಿರಲಿಲ್ಲ, ಹೆಸರಿಗೆ ಮಾತ್ರ), ಒಬ್ಬ ಪಿಎಚ್‌ಡಿ ಹುಡುಗಿ ಅಳ್ತಾ ಬಂದಿದ್ದಾಳೆ ಅವಳನ್ನ ಸಮಾಧಾನ ಮಾಡೋದು, ಬ್ಯಾಂಕಿನೋರು ಫೋಟೋಗೆ ಬರ್ತಾರೆ. ಮಧ್ಯೆ ಯಾರೋ ಡಿಜೆರಿಡೂ ಊದೋರ ನಂಬರ್ ಇದ್ಯಾ ಅಂತ ಕೇಳ್ತಾರೆ. ಅದು ಉತ್ತರದ ತುದಿಯ ಆರ್ನೆಮ್ ಲ್ಯಾಂಡ್ ಕಡೆ ವಾದ್ಯ ರೀ, ಮೇಡಂ ಅವರದ್ದು ಸಾವಿರಾರು ಕಿಲೋಮೀಟರ್ ಕೆಳಗಿನ ಊರು. ಕೇಳಿದೋನಿಗೆ ಅದೆಲ್ಲ ಯಾಕೆ. ಇಂಡಿಜಿನಸ್ ತಾನೆ, ಮನೇಲಿ ಒಂದು ಇರುತ್ತೆ ಬಿಡಿ.

ಇದಕ್ಕಿಂತ ದೊಡ್ಡದು ವೆಲ್ಕಮ್ ಟು ಕಂಟ್ರಿ ವಿಷಯ. ಕಂಟ್ರಿ ಅಂದ್ರೆ ಇಲ್ಲಿ ದೇಶ ಅಲ್ಲ, ಆಯಾ ಮೂಲ ಜನರ ತಲೆತಲಾಂತರದ ನೆಲ. ಇಲ್ಲಿ ಎರಡಿದೆ, ಗೊತ್ತಿಲ್ಲದೋರಿಗೆ ಹೇಳ್ತೀನಿ. ಅಕ್ನಾಲೆಜ್‌ಮೆಂಟ್ ಅನ್ನೋದನ್ನ ಯಾರು ಬೇಕಾದ್ರೂ ಹೇಳಬಹುದು, ಈ ನೆಲ ಇಂತಿಂಥವರದ್ದು, ಅವರ ಹಿರಿಯರಿಗೆ ನಮಸ್ಕಾರ ಅಂತ, ನಾನೂ ಹೇಳಿದ್ದೀನಿ. ವೆಲ್ಕಮ್ ಮಾತ್ರ ಆ ನೆಲದೋರೇ ಹೇಳಬೇಕು, ಮನೆಯೋರೇ ತಾನೇ ಬನ್ನಿ ಒಳಗೆ ಅನ್ನೋದು. ಇಂಗ್ಲಿಷರು ಬಂದಾಗ ಈ ದೇಶದಲ್ಲಿ 250ಕ್ಕೂ ಹೆಚ್ಚು ಭಾಷೆ ಇದ್ವು, ಅಂದ್ರೆ ಅಷ್ಟು ಬೇರೆ ಬೇರೆ ಜನ, ಬೇರೆ ಬೇರೆ ಮನೆ. ನಮ್ಮ ಕಾನ್ಫರೆನ್ಸಿಗೆ ಒಬ್ಬರು ಬಂದು ಮೇಡಂ ಹತ್ರ, ಹಲ್ಲೆಲ್ಲ ಕಾಣೋ ಥರ ನಗ್ತಾ, ನೀವೇ ಇದ್ದೀರಲ್ಲ ವೆಲ್ಕಮ್ ನೀವೇ ಮಾಡ್ಬಿಡಿ, ಬಜೆಟ್ಟೂ ಉಳಿಯುತ್ತೆ ಅಂದ್ರು. ಮೇಡಂ ಇದು ನನ್ನ ಕಂಟ್ರಿ ಅಲ್ಲ ಅಂದ್ರು. ಆ ಮನುಷ್ಯ ಗಾಬರಿಯಾಗಿ, ಅಯ್ಯೋ ಖಂಡಿತ ನಿಮ್ಮ ಕಂಟ್ರಿನೇ, ನೀವು ಹಾಗೆಲ್ಲ ಅಂದ್ಕೋಬೇಡಿ, ವಿ ವ್ಯಾಲ್ಯೂ ಯೂ ಅಂತ ಸಮಾಧಾನ ಮಾಡೋಕೆ ಶುರು ಮಾಡಿದ. ಮಂಡ್ಯದೋರನ್ನ ಹಿಡ್ಕೊಂಡು ನೀವು ಕನ್ನಡದೋರಲ್ವಾ, ಬನ್ನಿ ಉಡುಪಿಲಿ ಕೋಲ ಇದೆ, ದೈವದ ನುಡಿ ಕೊಡಿ ಅಂದಂಗಾಯ್ತು.

ನೀವು ಅಕ್ನಾಲೆಜ್‌ಮೆಂಟ್ ಕೇಳಿಲ್ಲ ಅಂದ್ರೆ ಒಂದು ಸಲ ಕೇಳಬೇಕು. "ಈ ನೆಲವನ್ನು ಅವರು ಎಂದೂ ಬಿಟ್ಟುಕೊಟ್ಟಿಲ್ಲ" ಅಂತ ಗಂಭೀರವಾಗಿ ಓದಿ, ಉಸಿರು ಬಿಟ್ಟು, ಐಟಂ ನಂಬರ್ ಒಂದು ಕಾರ್ ಪಾರ್ಕಿಂಗ್ ಅಂತಾರೆ. ಕೊಟ್ಟೋನು ಕೋಡಂಗಿ ಈಸ್ಕೊಂಡೋನು ಈರಭದ್ರ ಅಂತ ನಮ್ಮ ಗಾದೆ ಇದ್ಯಲ್ಲ, ಇಲ್ಲಿ ಕೊಟ್ಟೇ ಇಲ್ಲ ಅಂತ ಈರಭದ್ರನೇ ದಿನಾ ಬೆಳಿಗ್ಗೆ ಮೈಕಲ್ಲಿ ಹೇಳ್ತಾನೆ, ಹೇಳಿ ಆ ನೆಲದಲ್ಲೇ ಪಾರ್ಕಿಂಗಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಇಸ್ಕೋತಾನೆ. ಅವತ್ತಿನ ಮೀಟಿಂಗಲ್ಲಿ ಪಾರ್ಕಿಂಗ್ ನಲವತ್ತು ನಿಮಿಷ ಹೋಯ್ತು. ಮೇಡಂ ಅವರದ್ದು ಐಟಂ ಒಂಬತ್ತು, ಇಂಡಿಜಿನಸ್ ಅಪ್‌ಡೇಟ್, ಐದು ನಿಮಿಷ ಅಂತ ಇತ್ತು. ಅವರು ಬಾಯಿ ತೆಗೆಯೋಷ್ಟರಲ್ಲಿ ಚೇರ್‌ನಲ್ಲಿದ್ದೋರು ವಾಚ್ ನೋಡಿ, ತುಂಬಾ ಮುಖ್ಯವಾದ ವಿಷಯ, ಅವಸರದಲ್ಲಿ ಮಾಡೋದು ಬೇಡ, ಮುಂದಿನ ಸಲ ತಗೊಳೋಣ ಅಂದ್ರು. ಎಲ್ಲರೂ ತಲೆ ಆಡಿಸಿದ್ರು. ನಾನು ಮಿನಿಟ್ಸಲ್ಲಿ "ನೋಟೆಡ್" ಅಂತ ಬರ್ಕೊಂಡೆ. ನೋಟ್ ಮಾಡೋಕೆ ಏನೂ ಇರಲಿಲ್ಲ, ಆದ್ರೂ ಫಾರ್ಮ್ಯಾಟ್ ಇದೆ.

ನಮ್ಮ ದೇವಸ್ಥಾನಗಳಲ್ಲಿ ಎರಡು ವಿಗ್ರಹ ಇರ್ತಾವಲ್ಲ, ಗರ್ಭಗುಡಿಲಿ ಅಲ್ಲಾಡದೆ ಇರೋ ಮೂಲವಿಗ್ರಹ, ಮತ್ತೆ ಹೂವು-ಒಡವೆ ಹಾಕಿ ಬೀದಿಲಿ ಮೆರೆಸೋ ಉತ್ಸವಮೂರ್ತಿ. ಇಲ್ಲಿ ಮೂಲನಿವಾಸಿನೇ ಉತ್ಸವಮೂರ್ತಿ, ಹಡಗಲ್ಲಿ ಬಂದೋನು ಮೂಲವಿಗ್ರಹ. ಚಾನ್ಸಲರ್ ಪಟ್ಟ ಕೂಡ ಕೊಟ್ಟಿದ್ದಾರೆ ರೀ, ಕೊಟ್ಟಿಲ್ಲ ಅಂತಲ್ಲ. ನ್ಯೂ ಇಂಗ್ಲೆಂಡ್ ಯೂನಿವರ್ಸಿಟಿಗೆ 1990ರ ದಶಕದಲ್ಲೇ ಪ್ಯಾಟ್ ಓಶೇನ್, ಕ್ಯಾನ್‌ಬೆರಾ ಯೂನಿವರ್ಸಿಟಿಗೆ 2014ರಲ್ಲಿ ಟಾಮ್ ಕಾಲ್ಮಾ, ಇಬ್ಬರೂ ಭಾರೀ ಜನ. ಆದ್ರೆ ಚಾನ್ಸಲರ್ ಅಂದ್ರೆ ಇಲ್ಲಿ ಗೌನು ಹಾಕ್ಕೊಂಡು ಘಟಿಕೋತ್ಸವದ ಅಧ್ಯಕ್ಷತೆ, ಕೌನ್ಸಿಲ್ ಮೀಟಿಂಗ್ ನಡೆಸೋದು. ದಿನದ ಬೀಗದ ಕೈ ಇರೋದು ವೈಸ್ ಚಾನ್ಸಲರ್ ಸೊಂಟದಲ್ಲಿ, ಸುಮಾರು ಜನಕ್ಕೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟಿದ ಸಂಬಳ, ಅವರ ಪದವಿ ಪಕ್ಕ ಬ್ರಾಕೆಟ್ಟೇ ಇಲ್ಲ. (ನಮ್ಮ ಯೂನಿವರ್ಸಿಟಿಗಳಲ್ಲಿ ಎಸ್‌ಸಿ-ಎಸ್‌ಟಿ ಸೆಲ್ ಬೋರ್ಡು ಯಾವ ಮೆಟ್ಟಿಲ ಕೆಳಗೆ ಇದೆ ಅಂತ ಗೊತ್ತಿರೋರು ಇಲ್ಲಿ ಜಾಸ್ತಿ ನಗಬಾರದು ಅಂತ ವಿನಂತಿ.)

ಹೆಸರುಗಳ ಕಥೆ ಕೇಳಿ. ಸಿಡ್ನಿಲಿ ಮ್ಯಾಕ್ವಾರಿ ಯೂನಿವರ್ಸಿಟಿ ಇದೆ, ಗವರ್ನರ್ ಮ್ಯಾಕ್ವಾರಿ ಹೆಸರಲ್ಲಿ. ಆ ಪುಣ್ಯಾತ್ಮ 1816ರಲ್ಲಿ ಸೈನಿಕರನ್ನ ಕಳಿಸಿ, ಎದುರು ನಿಂತ ಮೂಲನಿವಾಸಿಗಳನ್ನ ಕೊಂದು ಹೆಣ ಮರಕ್ಕೆ ನೇತು ಹಾಕಿ, ಉಳಿದೋರಿಗೆ ಭಯ ಬರಲಿ ಅಂತ ಆರ್ಡರ್ ಕೊಟ್ಟಿದ್ದ, ಆ ಏಪ್ರಿಲ್‌ನಲ್ಲಿ ಆಪಿನ್ ಹತ್ರ ಹೆಂಗಸರು ಮಕ್ಕಳು ಅಂತ ನೋಡದೆ ಕೊಂದ್ರು. ಟೌನ್ಸ್‌ವಿಲ್‌ನಲ್ಲಿ ಜೇಮ್ಸ್ ಕುಕ್ ಯೂನಿವರ್ಸಿಟಿ, 1770ರಲ್ಲಿ ಇಡೀ ಪೂರ್ವ ತೀರಾನ ರಾಜನ ಹೆಸರಿಗೆ ಬರ್ಕೊಂಡ ಕ್ಯಾಪ್ಟನ್ ಕುಕ್. ಇಂಥ ಲೆಟರ್‌ಹೆಡ್ ಮೇಲೆ ಡಿಕಾಲನೈಜೇಷನ್ ಪ್ಲಾನ್, ಅಂದ್ರೆ ವಸಾಹತು ಕಾಲದ ಕೊಳೆ ತೊಳೆಯೋ ಪ್ಲಾನ್, ಪ್ರಿಂಟ್ ಹಾಕೋದು, ಲಂಚ ವಿರೋಧಿ ಸಪ್ತಾಹಕ್ಕೆ ಆರ್‌ಟಿಓ ಬ್ರೋಕರ್ ಕೈಲಿ ರಿಬ್ಬನ್ ಕಟ್ ಮಾಡಿಸಿದಂಗೆ.

ಅದೇ ಕುಕ್ ಕ್ಯಾಂಪಸ್ಸಲ್ಲಿ ಒಬ್ಬ ತೋಟದ ಮಾಲಿ ಇದ್ದ. ಹುಲ್ಲು ಕತ್ತರಿಸೋದು, ಗಿಡಕ್ಕೆ ನೀರು. ಪ್ರೊಫೆಸರುಗಳ ಜೊತೆ ಊಟದ ಹೊತ್ತಲ್ಲಿ ಮಾತಾಡ್ತಾ, ನಮ್ಮೂರಲ್ಲಿ ನಮ್ಮ ಜಮೀನಿದೆ ಅಂದ, ಅವರು ಪಾಪ ಸಂಕಟಪಟ್ಟು, ಕಾನೂನಲ್ಲಿ ಅದು ನಿಂದಲ್ಲ ಕಣಯ್ಯಾ, ಸರ್ಕಾರದ್ದು ಅಂದ್ರು. ಅವನಿಗೆ ನಂಬೋಕೇ ಆಗಲಿಲ್ಲ. 1982ರಲ್ಲಿ ಕೋರ್ಟಿಗೆ ಹೋದ. ಎಡ್ಡಿ ಮಾಬೋ. 1992ರ ಜೂನ್ 3ಕ್ಕೆ ಹೈಕೋರ್ಟ್ (ಇಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟು) ತೀರ್ಪು ಬಂತು, ಯಾರದ್ದೂ ಅಲ್ಲದ ನೆಲ ಅನ್ನೋ ಇನ್ನೂರು ವರ್ಷದ ಸುಳ್ಳು ಬಿತ್ತು, ಆದ್ರೆ ಮಾಬೋ ಅದೇ ಜನವರಿಲಿ ತೀರ್ಕೊಂಡಿದ್ದ. ರೀಕನ್ಸಿಲಿಯೇಷನ್ ವೀಕ್ ಜೂನ್ 3ಕ್ಕೆ ಮುಗಿಯೋದು ಅದಕ್ಕೇ. 2008ರಲ್ಲಿ ಆ ಯೂನಿವರ್ಸಿಟಿ ತನ್ನ ಲೈಬ್ರರಿಗೆ ಅವನ ಹೆಸರಿಟ್ಟಿತು. ನಾನು ಆಗಾಗ ಯೋಚಿಸ್ತೀನಿ, ಆ ಮನುಷ್ಯನ್ನ ಮಾಲಿ ಕೆಲಸದ ಬದಲು ಪ್ರೊ ವೈಸ್ ಚಾನ್ಸಲರ್ ಬ್ರಾಕೆಟ್ ಇಂಡಿಜಿನಸ್ ಮಾಡಿದ್ರೆ ಕೇಸ್ ಹಾಕೋಕೆ ಪುರುಸೊತ್ತೇ ಸಿಕ್ತಿರಲಿಲ್ಲ, ಹತ್ತು ವರ್ಷ ಐಸಿಂಗ್ ಬಣ್ಣ ನೋಡ್ಕೊಂಡು ಕೂತಿರ್ತಿದ್ದ.

ನಮ್ಮ ಮೇಡಂ ಹೋದ್ರು. ಜಗಳ ಏನೂ ಆಗಲಿಲ್ಲ, ಬೇರೆ ಕಡೆ ಕರೆದ್ರು, ಹೋದ್ರು. ಫೇರ್‌ವೆಲ್‌ನಲ್ಲಿ ವೈಸ್ ಚಾನ್ಸಲರ್ ಕಣ್ಣು ಒದ್ದೆ ಮಾಡ್ಕೊಂಡು, ಈ ಜಾಗ ತುಂಬೋಕೆ ಆಗಲ್ಲ ಅಂದ್ರು. ಮಾತು ಉಳಿಸ್ಕೊಂಡ್ರು, ತುಂಬಲೇ ಇಲ್ಲ. ಮೊದಲು ರೀಸ್ಟ್ರಕ್ಚರ್ ಅಂದ್ರು, ಆಮೇಲೆ ರೋಲ್ ರಿವ್ಯೂ, ಆಮೇಲೆ ಕನ್ಸಲ್ಟೆಂಟ್ ಬಂದ್ರು, ಆ ಕನ್ಸಲ್ಟೆಂಟಿಗೆ ಈ ಕೆಲಸದ ಬಗ್ಗೆ ವಿವರ ಕೊಡೋರು ಯಾರೂ ಇಲ್ಲ ಅಂತ ಗೊತ್ತಾಗಿ ಮೇಡಂಗೇ ಫೋನ್ ಮಾಡಿ, ಎರಡು ಗಂಟೆ ಟೈಮ್ ಇದ್ಯಾ, ದುಡ್ಡು ಕೊಡೋಕಾಗಲ್ಲ ಅಂತ ಕೇಳಿದ್ರಂತೆ.

ಈ ಸಲ ಮೇ ತಿಂಗಳಲ್ಲಿ ಕಪ್‌ಕೇಕ್ ಆರ್ಡರ್ ನನ್ನ ತಲೆಗೆ ಬಂತು. ಬಣ್ಣದ ಅಪ್ರೂವಲ್ ಬೇಕು ಅಂತ ಬೇಕರಿಯೋನು ಕೇಳಿದ, ಅಭ್ಯಾಸಬಲ, ಹಳೇ ಐಡಿಗೇ ಫಾರ್ವರ್ಡ್ ಮಾಡಿದೆ. ಒಂದೇ ಸೆಕೆಂಡಿಗೆ ಉತ್ತರ ಬಂತು. ಈ ಹುದ್ದೆ ಸದ್ಯಕ್ಕೆ ಖಾಲಿ ಇದೆ, ನಿಮ್ಮ ಮೇಲ್ ನಮಗೆ ಮುಖ್ಯ, ಈ ನೆಲದ ಹಿರಿಯರಿಗೆ, ಹಿಂದಿನವರಿಗೆ, ಇಂದಿನವರಿಗೆ, ಮುಂದೆ ಬರುವವರಿಗೆ ನಮ್ಮ ಗೌರವಗಳು, ದಯವಿಟ್ಟು ಇದಕ್ಕೆ ರಿಪ್ಲೈ ಮಾಡಬೇಡಿ.