ಹಾರುವ ಓತಿ ಮತ್ತು ಜಿಕೆ

ಮೊನ್ನೆ ನಮ್ಮ ಕಡೆಯ ಒಂದು ಶಾಲೆಯಲ್ಲಿ ಬಹುಮಾನ ವಿತರಣೆ ಇತ್ತು. ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. "ರಾಕೆಟ್ಟು, ಮಾಟಗಾತಿ, ಬೇರೆ ಗ್ರಹದವರು ಅಂತ ಮಕ್ಕಳಿಗೆ ಕಟ್ಟುಕಥೆ ಓದಿಸಬೇಡಿ. ಬರೀ ಟೈಮ್ ವೇಸ್ಟ್. ಜಿಕೆ ಓದಿಸಿ, ಜಿಕೆ!" ಜೋರು ಚಪ್ಪಾಳೆ. ನಾನೂ ತಟ್ಟಿದೆ, ಉಪ್ಪಿಟ್ಟಿನ ಪರಿಮಳ ಬರುತ್ತಿತ್ತು. ಭಾಷಣ ಮುಗಿದರೂ ಅತಿಥಿಗಳು ಹೊರಡಲಿಲ್ಲ. ರಾಹುಕಾಲ ಕಳೆಯಲಿ ಅಂತ ಸ್ಟಾಫ್ ರೂಮಿನಲ್ಲಿ ಕೂತರು. ಆಮೇಲೆ ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ವಾಸ್ತವದ ಕಡೆಗೆ ಹೊರಟರು.

ಅವರ ಮನೆ ತಾರಸಿಯ ಮೇಲೆ ಒಂದು ಡಿಶ್ ಇರಲೇಬೇಕಲ್ವಾ? ಅದು ಮುಖ ಮಾಡಿರುವ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿದೆ. ಅಲ್ಲಿ ಮೂರು ಉಪಗ್ರಹ ಇಟ್ಟರೆ ಇಡೀ ಭೂಮಿಗೆ ಸುದ್ದಿ ಮುಟ್ಟಿಸಬಹುದು ಅಂತ 1945ರಲ್ಲೇ ಲೆಕ್ಕ ಹಾಕಿ ಲೇಖನ ಬರೆದವರು ಆರ್ಥರ್ ಕ್ಲಾರ್ಕ್. ಅವರ ಕಸುಬು? ರಾಕೆಟ್ಟಿನ ಕಟ್ಟುಕಥೆ ಬರೆಯುವುದು. ಇರಲಿ, ಧಾರಾವಾಹಿ ಚೆನ್ನಾಗಿ ಬರುತ್ತಿದೆ ತಾನೇ.

ನನಗೆ ಈ ವಿಷಯದಲ್ಲಿ ಹಳೇ ಸಿಟ್ಟೊಂದಿದೆ. ಐದನೇ ಕ್ಲಾಸಿನಲ್ಲಿದ್ದಾಗ 'ನಮ್ಮ ತೋಟ' ಅಂತ ಪ್ರಬಂಧ ಬರೆಯಲು ಹೇಳಿದ್ದರು. ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ಓತಿಕ್ಯಾತ ಹಾರಿತು ಅಂತ ಬರೆದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಸುಳ್ಳು' ಅಂತ ಬರೆದು, ಕೆನ್ನೆಗೂ ಒಂದು ಕೊಟ್ಟರು. ಓತಿ ಹಾರುತ್ತದೆ ಸ್ವಾಮಿ. ಪಕ್ಕೆಲುಬು ಅಗಲಿಸಿ, ಅದರ ಮೇಲಿನ ಚರ್ಮ ಕೊಡೆ ಥರ ಬಿಚ್ಚಿ, ಸುಯ್ಯಂತ ತೇಲಿ ಹೋಗುತ್ತದೆ. ನಮ್ಮ ತೋಟಗಳಲ್ಲಿ ಈಗಲೂ ಇದೆ, ತಲೆ ಎತ್ತಿ ನೋಡುವವರು ಕಡಿಮೆ. 1980ರಲ್ಲಿ ತೇಜಸ್ವಿ ಅದೇ ಓತಿಯ ಬೆನ್ನಿಗೆ ಒಂದಿಡೀ ಕಾದಂಬರಿ ಓಡಿಸಿದರು, ಕನ್ನಡಿಗರೆಲ್ಲ ನಂಬಿದರು. ಅಷ್ಟೊತ್ತಿಗೆ ನನ್ನ ಕೆನ್ನೆ ಊದಿ, ಇಳಿದೂ ಆಗಿತ್ತು.

ಇನ್ನು ಓದಿನ ಸುಖ. ಆಷಾಢದಲ್ಲಿ ಹೊರಗೆ ಜಡಿಮಳೆ, ಮೂರು ದಿನದಿಂದ ಕರೆಂಟಿಲ್ಲ, ಪಕ್ಕದಲ್ಲಿ ಸುಟ್ಟ ಹಲಸಿನ ಹಪ್ಪಳ. ಕೈಯಲ್ಲಿ ಮಂಗಳ ಗ್ರಹದಲ್ಲಿ ಒಂದು ಲೋಟ ನೀರಿಗೆ ಪರದಾಡುವವರ ಕಥೆ. ಇದರ ಮಜಾ ಗೊತ್ತಿಲ್ಲದವರ ಬಗ್ಗೆ ನನಗೆ ಸಿಟ್ಟಿಲ್ಲ, ಸುಮ್ನೆ ಅಯ್ಯೋ ಪಾಪ ಅನ್ನಿಸುತ್ತದೆ.

ಜಿಕೆಯೂ ಬೇಕು, ಬೇಡ ಅನ್ನಲ್ಲ. ಜೋಗದ ಎತ್ತರ ಎಷ್ಟು? 253 ಮೀಟರ್. ಒಂದು ಅಂಕ. ಬೇಸಿಗೆಯಲ್ಲಿ ಜೋಗ ನೋಡಲು ಹೋದವರಿಗೆ ಬರೀ ಬಂಡೆ ಯಾಕೆ ಕಾಣುತ್ತದೆ? ಮೇಲೆ ಅಣೆಕಟ್ಟು ಕಟ್ಟಿ ಕರೆಂಟಿಗೆ ನೀರು ಹಿಡಿದಿಟ್ಟಿದ್ದಾರೆ, ಅದು ಸಿಲಬಸ್‌ನಲ್ಲಿ ಇಲ್ಲ. ಈಗ ಅದೇ ಶರಾವತಿಯ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತಿ, ಅದನ್ನೇ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ತೆಗೆಯುವ ಯೋಜನೆ ಬಂದಿದೆ. ಕಥೆ ನಿಮಗೆ ಗೊತ್ತಿರುವುದೇ. ನೀರು ಎತ್ತಲು ತಿನ್ನುವ ಕರೆಂಟು, ಬಿಟ್ಟಾಗ ಬರುವುದಕ್ಕಿಂತ ಜಾಸ್ತಿ. ಬ್ಯಾಟರಿ ಇದ್ದ ಹಾಗೆ, ಬೇಕಾದಾಗ ಸಿಗುತ್ತದೆ ಅಂತಾರೆ. ಒಪ್ಪೋಣ. ಆದರೆ ಮಾಟದ ಕಥೆ ಓದಿ ಬೆಳೆದ ಮಗು ಮೊದಲು ಕೇಳುವುದೇ ಬೇರೆ: ಈ ಮಂತ್ರಕ್ಕೆ ಏನು ಬಲಿ ಕೊಡಬೇಕು? ಒಳ್ಳೇ ಕಥೆಯಲ್ಲಿ ಮಂತ್ರ ಹಾಕಿದವನೇ ಏನಾದರೂ ಕಳೆದುಕೊಳ್ಳುತ್ತಾನೆ. ಇಲ್ಲಿ ಮಂತ್ರ ಬೆಂಗಳೂರಿನದು, ಕಳೆದುಕೊಳ್ಳುವುದು ಶರಾವತಿ ಕಾಡಿನ ಸಿಂಗಳೀಕ.

ಬರೀ ಸಿಂಗಳೀಕ ಅಲ್ಲ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ನಾಡಿಗೆಲ್ಲ ದೀಪ ಬರಲಿ ಅಂತ ಮನೆ, ಗದ್ದೆ ಮುಳುಗಿಸಿಕೊಂಡ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಮೊಮ್ಮಕ್ಕಳು ಅದೇ ಅರ್ಜಿ ಹಿಡಿದು ನಿಂತಿದ್ದಾರೆ. ಇದರಲ್ಲಿ ತಮಾಷೆ ಹುಡುಕೋಣ ಅಂದುಕೊಂಡೆ. ಆಗಲಿಲ್ಲ. ಸಾಕಾಗಿದೆ.

ಉಪ್ಪಿಟ್ಟು ತಿಂದು ಲೈಬ್ರರಿಗೆ ಹೋದೆ. ಯಾವ ಲೈಬ್ರರಿ ಅಂತ ಕೇಳಬೇಡಿ. ಮನೆ ಕಂದಾಯದ ಜೊತೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುವವನು ನಾನು, ಸ್ವಲ್ಪ ಧೈರ್ಯ ಇತ್ತು. ಮೇಜಿನ ತುಂಬ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು. ಕಥೆ ಪುಸ್ತಕದ ಕಪಾಟಿಗೆ ಬೀಗ.

"ಯಾರೂ ಓದಲ್ಲ ಸಾರ್, ಅದಕ್ಕೇ ಬೀಗ ಹಾಕಿದೀವಿ."

"ನಾನು ಓದ್ತೀನಲ್ಲ, ತೆಗೀರಿ."

"ಕೀ ಇರೋರು ರಜೆ ಸಾರ್."

ಗಾಜಿಗೆ ಮೂಗು ಒತ್ತಿ ನೋಡಿದೆ. ರಾಜಶೇಖರ ಭೂಸನೂರಮಠರ ಒಂದು ವಿಜ್ಞಾನ ಕಥೆ ಪುಸ್ತಕ ಇತ್ತು. ಮೊದಲ ಅಧ್ಯಾಯ ಗೆದ್ದಲು ಮುಗಿಸಿತ್ತು.