ಅಬ್ಬೆ ದುಬೊಯ್ ಅವರನ್ನು ಉಲ್ಲೇಖಿಸುವ ಮುನ್ನ

ಜಾತಿಯ ಬಗ್ಗೆ ನಮ್ಮಲ್ಲಿ ಜಗಳ ಹತ್ತಿಕೊಂಡಾಗಲೆಲ್ಲ ಯಾರಾದರೊಬ್ಬರು, ಎರಡು ಶತಮಾನದ ಹಿಂದೆ ಮೈಸೂರು ಸೀಮೆಯಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ಹೆಸರನ್ನು ಎಳೆದು ತರುತ್ತಾರೆ. ಒಂದು ಗುಂಪಿಗೆ ಅವರು ವೈದಿಕರ ಬಂಡವಾಳ ಬಯಲು ಮಾಡಿದ ಪ್ರತ್ಯಕ್ಷ ಸಾಕ್ಷಿ. ಇನ್ನೊಂದು ಗುಂಪಿಗೆ ಹಿಂದೂಗಳನ್ನು ಹಳಿಯಲೆಂದೇ ಹಡಗು ಹತ್ತಿ ಬಂದ ಪಾದ್ರಿ. ಇಬ್ಬರೂ ತೆರೆಯುವುದು ಒಂದೇ ಪುಸ್ತಕ: ಹಿಂದೂಗಳ ನಡೆನುಡಿ, ಆಚಾರಗಳನ್ನು ಕುರಿತು 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ದಪ್ಪ ಹೊತ್ತಗೆ. ನನ್ನ ತಕರಾರು ಇಬ್ಬರ ಮೇಲೂ ಇದೆ. ಆ ಮನುಷ್ಯನ ಗಳಿಕೆಯಲ್ಲಿ ಪೂರ್ತಿಯಾಗಿ ಅವರದ್ದು ಎನ್ನಲಾಗದ ಒಂದು ವಸ್ತುವಿದ್ದರೆ ಅದು ಆ ಪುಸ್ತಕವೇ.

ಝ್ಯಾಂ ಆಂತ್ವಾನ್ ದುಬೊಯ್ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯ ಒಂದು ಹಳ್ಳಿಯಲ್ಲಿ. 1792ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದರು, ಅದೇ ವರ್ಷ ಭಾರತದ ಹಡಗು ಹತ್ತಿದರು. ಆ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಾದ್ರಿಗಳನ್ನು ಕ್ರಾಂತಿಯ ಗುಂಪುಗಳು ಕೊಚ್ಚಿ ಹಾಕಿದವು. ಇವರು ಆಗ ಸಮುದ್ರದ ಮೇಲಿದ್ದರು. ಪುದುಚೇರಿಯ ಮಿಷನ್ ಸೇರಿ ಕೆಲವು ವರ್ಷ ತಮಿಳು ಸೀಮೆಯಲ್ಲಿ ಅಲೆದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ, ಬಲವಂತದಿಂದ ಮತ ಬದಲಿಸಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಮೈಸೂರು ರಾಜ್ಯಕ್ಕೆ ಬಂದರು. ಇಲ್ಲಿನವರಂತೆಯೇ ಉಟ್ಟು, ಇಲ್ಲಿನವರ ನಡವಳಿಕೆಯನ್ನೇ ರೂಢಿಸಿಕೊಂಡರು. ತನಗೆ ಹಿಡಿಸದ ಕಟ್ಟುಪಾಡುಗಳ ಮುಂದೆಯೂ ಮುಖ ಸಿಂಡರಿಸದಿರುವುದನ್ನು ಕಲಿತೆ ಎಂದು ಅವರೇ ಬರೆದಿದ್ದಾರೆ. ಮೈಸೂರು ಸೀಮೆಯ ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಹಾಸನದ ಬಳಿ, ಹಳೆಯ ಬರಹಗಳಲ್ಲಿ ಸಾತಳ್ಳಿ ಎಂದಿರುವ ಊರಿನಲ್ಲಿ, ನೆಲೆ ತಪ್ಪಿದ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರ ಹೆಸರಿನ ಚರ್ಚು ಇಂದಿಗೂ ಇದೆ. ಗುಂಬಜ್ ನೋಡಲು ಹೋಗುವ ಪ್ರವಾಸಿ ಬಸ್ಸುಗಳು ಅತ್ತ ತಿರುಗಿಯೂ ನೋಡುವುದಿಲ್ಲ, ಅದು ಬೇರೆ ಮಾತು.

ಈಗ ಪುಸ್ತಕಕ್ಕೆ ಬರೋಣ. ಮೈಸೂರಿನಲ್ಲಿ ಕಂಪನಿಯ ಪ್ರತಿನಿಧಿ, ಅಂದರೆ ರೆಸಿಡೆಂಟ್, ಆಗಿದ್ದ ಮಾರ್ಕ್ ವಿಲ್ಕ್ಸ್ ಹಸ್ತಪ್ರತಿಯನ್ನು ಓದಿ ಮೆಚ್ಚಿ ಮದರಾಸಿಗೆ ಕಳುಹಿಸಿದರು. ಅಲ್ಲಿನ ಗವರ್ನರ್ ವಿಲಿಯಂ ಬೆಂಟಿಂಕ್ ಹೊಗಳಿದರು. ಈಸ್ಟ್ ಇಂಡಿಯಾ ಕಂಪನಿ ಸ್ಟಾರ್ ಪಗೋಡಾ ಎಂಬ 2,000 ಚಿನ್ನದ ನಾಣ್ಯ ಕೊಟ್ಟು ಅದನ್ನು ಕೊಂಡುಕೊಂಡಿತು. ಆಳಬೇಕಾದ ಜನರ ಒಳಗುಟ್ಟು ತಿಳಿಯಬೇಕಿದ್ದ ಕಂಪನಿಗೆ ಇದು ಅಗ್ಗದ ವ್ಯಾಪಾರ. ಸುಮಾರು ನೂರೆಪ್ಪತ್ತು ವರ್ಷಗಳ ಮೇಲೆ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿದ್ದ ಇನ್ನೊಂದು ಹಸ್ತಪ್ರತಿಯನ್ನು ಇದರೊಂದಿಗೆ ಹೋಲಿಸಿ ನೋಡಿದರು. ಅದು ಪುದುಚೇರಿಯ ಜೆಸ್ವಿಟ್ ಪಾದ್ರಿ ಕೂರ್ದು ಬರೆದದ್ದನ್ನು ದೆವೋ ಎಂಬ ಫ್ರೆಂಚ್ ಸೈನ್ಯಾಧಿಕಾರಿ 1777ರಲ್ಲಿ ಸಿದ್ಧಪಡಿಸಿದ ಪ್ರತಿ. ದುಬೊಯ್ ಪುಸ್ತಕದ ಬಹುಪಾಲು ಸರಕು ಅಲ್ಲಿಯದು. ಕೂರ್ದು ಅವರ ಹಣೆಬರಹ ನೋಡಿ: ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್‌ಗಳಿಗೂ ನೆಂಟಸ್ತನವಿದೆ ಎಂದು 1767ರಲ್ಲೇ ಪ್ಯಾರಿಸ್ಸಿಗೆ ಬರೆದರು, ಅದು ಅಚ್ಚಾಗುವಷ್ಟರಲ್ಲಿ 1808 ಬಂದಿತ್ತು. ಅಷ್ಟರಲ್ಲಿ ಕೀರ್ತಿ ಅದೇ ಮಾತನ್ನು ಹೇಳಿದ ಬ್ರಿಟಿಷ್ ವಿದ್ವಾಂಸ ವಿಲಿಯಂ ಜೋನ್ಸ್ ಪಾಲಾಗಿತ್ತು. ಆಮೇಲೆ ಪುಸ್ತಕವೂ ಇನ್ನೊಬ್ಬರ ಹೆಸರಿನಲ್ಲಿ ಮೆರೆಯಿತು. ದುಬೊಯ್ ಮುಂದೆ ಅದನ್ನು ತಿದ್ದಿ ಬೆಳೆಸಿದ್ದು ನಿಜ. ಆದರೂ ನಾವು "ದುಬೊಯ್ ಕಣ್ಣಾರೆ ಕಂಡದ್ದು" ಎಂದು ಎತ್ತಿ ಹೇಳುವ ಎಷ್ಟೋ ಸಾಲುಗಳನ್ನು ಕಂಡ ಕಣ್ಣು ಬೇರೆಯವರದು, ಕಾಲವೂ ಬೇರೆ.

ಹಾಗಾದರೆ ಅವರದ್ದೇ ಆದದ್ದು ಯಾವುದು? ನನ್ನ ಮಟ್ಟಿಗೆ ಒಂದು ಸಂಖ್ಯೆ: 25,432. 1803–04ರಲ್ಲಿ ಅವರ ಉಸ್ತುವಾರಿಯಲ್ಲಿ ಸಿಡುಬಿನ ಲಸಿಕೆ ಹಾಕಿಸಿಕೊಂಡು ದಾಖಲೆಗೆ ಸೇರಿದವರ ಲೆಕ್ಕ.

ಇದು ಎಂಥ ಕೆಲಸವೆಂದು ಸ್ವಲ್ಪ ಯೋಚಿಸಿ. ಗೋಸಿಡುಬಿನ ಈ ಲಸಿಕೆ ಬಾಗ್ದಾದ್, ಬಸ್ರಾ ದಾಟಿ ಮುಂಬಯಿ ಮುಟ್ಟಿದ್ದೇ 1802ರ ಜೂನ್‌ನಲ್ಲಿ. ಶೀತಲ ಪೆಟ್ಟಿಗೆಯಿಲ್ಲ, ಸಿರಿಂಜಿಲ್ಲ. ಒಂದು ಮಗುವಿನ ತೋಳನ್ನು ಗೀರಿ ಲಸಿಕೆ ತಾಗಿಸಬೇಕು. ವಾರ ಕಳೆದು ಅಲ್ಲಿ ಬೊಕ್ಕೆ ತುಂಬಿಕೊಂಡಾಗ ಅದನ್ನು ಚುಚ್ಚಿ, ಒಸರುವ ತಿಳಿನೀರನ್ನು ತೆಗೆದು ಹಸಿ ಇರುವಾಗಲೇ ಮುಂದಿನ ಮಗುವಿನ ತೋಳಿಗೆ ಹಾಕಬೇಕು. ದಿನ ತಪ್ಪಿದರೆ ಸತ್ವ ಹೋಯಿತು. ತೋಳಿನಿಂದ ತೋಳಿಗೆ, ಹಳ್ಳಿಯಿಂದ ಹಳ್ಳಿಗೆ ಸರಪಳಿ ಕಡಿಯದಂತೆ ನಡೆಸಬೇಕು. ಬೇರೆಯವರ ಮನೆಯ ನೀರು ಮುಟ್ಟದ ನಾಡಿನಲ್ಲಿ ಬೇರೆಯವರ ಮಗುವಿನ ಬೊಕ್ಕೆಯ ರಸ ನಿಮ್ಮ ಮಗುವಿನ ಮೈಯೊಳಗೆ! ಲಸಿಕೆಗೆ ಎದುರಾದ ದೊಡ್ಡ ಅಡ್ಡಿಗಳಲ್ಲಿ ಈ ಮೈಲಿಗೆಯ ಭಯವೂ ಒಂದು. ಊರಿಗೊಬ್ಬ ಸಿಡುಬಿನ ದೇವತೆ ಇದ್ದ ಕಾಲ ಬೇರೆ. ಮೈಸೂರಿನ ಅರಮನೆಯೂ ಲಸಿಕೆಯ ಬೆನ್ನಿಗೆ ನಿಂತಿತ್ತು. 1805ರ ಸುಮಾರಿಗೆ ಥಾಮಸ್ ಹಿಕಿ ಚಿತ್ರಿಸಿದ ಮೈಸೂರು ರಾಣಿಯರಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಗುರುತಿಗಾಗಿಯೇ ಎಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ಪೇಟ ಸುತ್ತಿದ ದುಬೊಯ್ ಅವರ ಪ್ರಸಿದ್ಧ ಚಿತ್ರವೂ ಅದೇ ಹಿಕಿಯ ಕೈಯದು.

ಇಷ್ಟು ಮಾಡಿದ ಮನುಷ್ಯ 1823ರಲ್ಲಿ ದೇಶ ಬಿಟ್ಟು ಹೋಗಿ, ಭಾರತದ ಕ್ರೈಸ್ತರ ಸ್ಥಿತಿಯ ಬಗ್ಗೆ ಪತ್ರಗಳ ಒಂದು ಪುಸ್ತಕ ಅಚ್ಚು ಹಾಕಿಸಿದರು. ಹಿಂದೂಗಳನ್ನು ಮತಾಂತರಿಸುವುದು ಮನುಷ್ಯಮಾತ್ರರಿಂದ ಆಗದ ಕೆಲಸ ಎಂಬುದು ಅದರ ಸಾರ. ತಾನು ಇಷ್ಟು ವರ್ಷದಲ್ಲಿ ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು, ಅವರಲ್ಲೂ ಮನಃಪೂರ್ವಕ ನಂಬಿದವರು ಸಿಕ್ಕಿದ್ದು ಅನುಮಾನ ಎಂದು ಬರೆದರು. ಮೂರು ದಶಕ ಕಳೆದ ಮೇಲೆ ತನ್ನ ಕಸುಬು ಕೈಗೂಡಲಿಲ್ಲ ಎಂದು ಸಾರ್ವಜನಿಕವಾಗಿ ಬರೆಯಲು ಎದೆಗಾರಿಕೆ ಬೇಕು. ಪ್ರಾಟೆಸ್ಟಂಟ್ ಮಿಷನರಿಗಳು ಕೆರಳಿ ಖಂಡನೆಯ ಪುಸ್ತಕಗಳನ್ನೇ ಬರೆದರು.

ಆದರೆ ಅದೇ ಪುಟದಲ್ಲಿ ನನಗೆ ಅವರ ಮೇಲೆ ಸಿಟ್ಟೂ ಬರುತ್ತದೆ. ಬಂದವರಲ್ಲಿ ಮೂರನೇ ಎರಡು ಪಾಲು ಹೊಲೆಯರು, ಭಿಕ್ಷುಕರು. ಉಳಿದವರು ಶೂದ್ರರು, ಜಾತಿಯಿಂದ ಹೊರಬಿದ್ದವರು, ನೆಲೆಯಿಲ್ಲದವರು. ಮದುವೆ ಸಂಬಂಧಕ್ಕೋ ಇನ್ಯಾವುದೋ ಲಾಭಕ್ಕೋ ಬಂದವರು ಎಂದು ತಾತ್ಸಾರದಿಂದ ಪಟ್ಟಿ ಮಾಡುತ್ತಾರೆ. ಊರಿನಿಂದ ಹೊರಗಿಟ್ಟವನು ಹೊಸ ನೆಂಟಸ್ತನ ಹುಡುಕಿಕೊಂಡು ಬರುವುದರಲ್ಲಿ ತಪ್ಪೇನಿದೆ? ಅಗ್ರಹಾರದ ಬಾಗಿಲು ತೆರೆಯಲಿಲ್ಲ ಎಂಬುದೇ ಅವರಿಗೆ ಸೋಲಿನ ಅಳತೆಗೋಲಾಯಿತು. ಕಾವಿ ತೊಟ್ಟವರ ಹಾಗೆ ಬದುಕಿ, ಕೊನೆಗೆ ಅವರ ಕಣ್ಣಿನಿಂದಲೇ ನೋಡಲು ಕಲಿತರೇನೋ ಎನಿಸುತ್ತದೆ. ಇಂದು ಅವರನ್ನು ಉಲ್ಲೇಖಿಸುವ ಎರಡೂ ಗುಂಪುಗಳು ಮಾಡುತ್ತಿರುವುದೂ ಇದನ್ನೇ. ಬ್ರಾಹ್ಮಣರ ಕುರಿತ ಅಧ್ಯಾಯಗಳ ಸುತ್ತ ಗಿರಕಿ ಹೊಡೆಯುತ್ತವೆ. ಸಾತಳ್ಳಿಯ ಒಕ್ಕಲುಗಳ ಸುದ್ದಿಯನ್ನು, ತೋಳು ಚಾಚಿದ ಇಪ್ಪತ್ತೈದು ಸಾವಿರ ಜನರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ಫ್ರಾನ್ಸಿಗೆ ಮರಳಿದ ಮೇಲೆ ಅವರು ಇನ್ನೂ ಇಪ್ಪತ್ತೈದು ವರ್ಷ ಬದುಕಿದ್ದರು. ತಮಿಳು, ತೆಲುಗು, ಕನ್ನಡ ಪ್ರತಿಗಳನ್ನು ಮುಂದಿಟ್ಟುಕೊಂಡು ಪಂಚತಂತ್ರವನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದರು. ಮತಾಂತರ ಆಗದ ಕೆಲಸ ಎಂದು ಜಗತ್ತಿಗೆಲ್ಲ ಸಾರಿದ ಈ ಪಾದ್ರಿಯನ್ನೇ 1836ರಲ್ಲಿ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆ ತನ್ನ ಮುಖ್ಯಸ್ಥರನ್ನಾಗಿ ಆರಿಸಿಕೊಂಡಿತು. ಎಳೆಯ ಪಾದ್ರಿಗಳನ್ನು ಪೂರ್ವದೇಶಗಳಿಗೆ ಕಳುಹಿಸುವುದು ಆ ಸಂಸ್ಥೆಯ ಕೆಲಸ. 1839ರವರೆಗೆ ಅವರು ಆ ಕುರ್ಚಿಯಲ್ಲಿದ್ದರು.