ಅಡುಗೆಮನೆ ಇದೆ, ಅಡುಗೆ ಮಾಡಬೇಡಿ

ಮಗಳ ಬಾಣಂತನಕ್ಕೆ ಎರಡು ತಿಂಗಳು ಬೆಂಗಳೂರಿನಲ್ಲಿ ಇರಬೇಕಾಯಿತು. ಅವಳದ್ದು ಒಂದೇ ರೂಮಿನ ಫ್ಲಾಟ್. ಹತ್ತಿರದಲ್ಲೇ ಬಾಡಿಗೆ ಮನೆ ಕೇಳಿದರೆ ಹತ್ತು ತಿಂಗಳ ಅಡ್ವಾನ್ಸ್ ಅಂದರು. ಇರುವುದೇ ಎರಡು ತಿಂಗಳು ಮಾರಾಯ್ರೆ! ರಾಜ್ಯಗಳಿಗೆ ಮಾದರಿ ಅಂತ ಕೇಂದ್ರ ಕೊಟ್ಟ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೋಬಾರದು ಅಂತಿದೆಯಲ್ಲ ಎಂದೆ. ಬ್ರೋಕರ್ ನಕ್ಕ.

"ಅದು ಮಾದರಿ ಸಾರ್. ಮಾದರಿ ಅಂದ್ರೆ ನೋಡೋಕೆ."

ಕೊನೆಗೆ ಎಚ್‌ಎಸ್‌ಆರ್ ಲೇಔಟ್ ಕಡೆ ಒಂದು ಸರ್ವಿಸ್ ಅಪಾರ್ಟ್‌ಮೆಂಟ್, ಅಂದರೆ ಸಾಮಾನು ಸಮೇತ ಸ್ವಲ್ಪ ಕಾಲಕ್ಕೆ ಬಾಡಿಗೆಗೆ ಸಿಗುವ ಫ್ಲಾಟ್, ಹಿಡಿದೆವು. ಜಾಹೀರಾತಿನಲ್ಲಿ 'ಫುಲ್ಲಿ ಇಕ್ವಿಪ್ಡ್ ಕಿಚನ್' ಎಂದಿತ್ತು. ಬೀರು ತೆಗೆದರೆ ಆರು ವೈನ್ ಗ್ಲಾಸು, ಒಂದು ಬಾಟಲ್ ಓಪನರ್, ಟೊಮೇಟೊ ಮೇಲೆ ಜಾರುವ ಒಂದು ಚಾಕು. ಸೌಟಿಲ್ಲ, ಇಕ್ಕಳವಿಲ್ಲ, ಲಟ್ಟಣಿಗೆಯ ಮಾತೇ ಬೇಡ. ಒಲೆ ಇಂಡಕ್ಷನ್ನಿನದು. ಊರಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಅಲ್ಯೂಮಿನಿಯಂ ಕುಕ್ಕರ್ ಇಟ್ಟರೆ ಕುಂಯ್ ಕುಂಯ್ ಅಂದು ಆರಿಹೋಯಿತು. ಅಯಸ್ಕಾಂತ ಅಂಟುವ ಪಾತ್ರೆಯೇ ಆಗಬೇಕಂತೆ. ವಿಳಾಸದ ದಾಖಲೆ ಇಲ್ಲದೆ ಸಿಗುವ 5 ಕೆಜಿಯ ಸಿಲಿಂಡರ್ ತರಲಾ ಎಂದೆ. ಬಾಂಬ್ ತರಲಾ ಎಂದವನನ್ನು ನೋಡುವ ಹಾಗೆ ಮ್ಯಾನೇಜರ್ ನನ್ನನ್ನು ನೋಡಿದ.

ಬಾಗಿಲ ಹಿಂದೆ ನಿಯಮಗಳ ಹಾಳೆ. ಘಾಟಿನ ಒಗ್ಗರಣೆ ಹಾಕಬಾರದು, ವಾಸನೆ ಕಾರಿಡಾರಿಗೆ ಹೋಗಬಾರದು.

"ಬಾಣಂತಿಗೆ ಬೆಳ್ಳುಳ್ಳಿ, ಮೆಣಸು, ಜೀರಿಗೆ ಬಿಟ್ಟು ಇನ್ನೇನು ಕೊಡಲಿ, ವೈನಾ?" ಎಂದು ನನ್ನವಳು ಗ್ಲಾಸುಗಳ ಕಡೆ ಕೈ ತೋರಿಸಿದಳು.

ಹೊಸ ಪಾತ್ರೆ ಕೊಂಡು ತಂದಳು. ಕಾದ ತುಪ್ಪಕ್ಕೆ ಬೆಳ್ಳುಳ್ಳಿ ಬಿದ್ದದ್ದೇ ತಡ, ಸೀಲಿಂಗಿನ ಸ್ಮೋಕ್ ಡಿಟೆಕ್ಟರ್ ಊರಿಗೇ ಕೇಳುವ ಹಾಗೆ ಅರಚಿತು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹೊತ್ತುಕೊಂಡು ಸೆಕ್ಯುರಿಟಿ ಹುಡುಗ ಓಡಿ ಬಂದ. ಬಾಣಲೆ ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಅಮ್ಮಾ, ನೀವು ನಿಜವಾಗ್ಲೂ ಅಡುಗೆ ಮಾಡ್ತಿದ್ದೀರಾ?"

ಇಲ್ಲಿ ಯಾರೂ ಮಾಡುವುದಿಲ್ಲವಂತೆ. ಪಾರ್ಸೆಲ್ ಬರುತ್ತದೆ, ಓವನ್ನಿನಲ್ಲಿ ಬಿಸಿ ಮಾಡಿಕೊಳ್ಳುತ್ತಾರೆ. ಮತ್ತೆ ಕಿಚನ್ ಯಾಕಪ್ಪಾ? "ಫೋಟೋಗೆ ಅಮ್ಮಾ."

ಅಂದಿನಿಂದ ಎಕ್ಸ್‌ಟೆನ್ಷನ್ ವೈರ್ ಎಳೆದು ನಮ್ಮ ಒಗ್ಗರಣೆ ಬಾಲ್ಕನಿಯಲ್ಲಿ. ಒಳಗಿನ ಕಿಚನ್ ಫೋಟೋಗೆ ಸಿದ್ಧವಾಗಿ ಫಳಫಳ ಹೊಳೆಯುತ್ತಿತ್ತು. ಬಾಡಿಗೆ ಮಾತ್ರ ಅದಕ್ಕೂ ಸೇರಿಸಿಯೇ ಕಟ್ಟಿದೆವು.

ಖಾಲಿ ಮಾಡುವ ದಿನ ಮ್ಯಾನೇಜರ್ ಪಟ್ಟಿ ಹಿಡಿದು ಬಂದ. ಕಟ್ಟೆಯ ಮೇಲೆ ಅರಿಶಿನದ ಕಲೆ ಹುಡುಕಿದ, ಸಿಗಲಿಲ್ಲ. ವೈನ್ ಗ್ಲಾಸು ಎಣಿಸಿದ. ಆರೂ ಇದ್ದವು. ಒಂದನ್ನು ಮೂಗಿನ ಹತ್ತಿರ ಹಿಡಿದು, ಗಂಭೀರವಾಗಿ ನನ್ನ ಕಡೆ ತಿರುಗಿದ.

"ಸಾರ್, ಇದರಲ್ಲಿ ಮಜ್ಜಿಗೆ ಕುಡಿದಿದ್ದೀರಾ?"